ಮುಂಗೈ ಮೇಲೆ ಹನಿ, ಮೂಗಿಗೆ ಅಂಕ

ಎಡಗೈ ಮೇಜಿನ ಮೇಲಿದೆ, ಅಂಗೈ ಮೇಲ್ಮುಖ. ಸ್ಪಿರಿಟ್ ಒರೆಸಿದ ಮುಂಗೈ ಫ್ಯಾನ್ ಗಾಳಿಗೆ ತಣ್ಣಗಾಗುತ್ತಿದೆ. ನರ್ಸ್ ನೀಲಿ ಪೆನ್ನಿನಿಂದ ಮೊಣಕೈ ಮಡಿಕೆಯ ಕೆಳಗಿಂದ ಮಣಿಕಟ್ಟಿನ ತನಕ ಎರಡು ಸಾಲು ಅಂಕಿ ಬರೆಯುತ್ತಿದ್ದಾರೆ, ಒಂದರಿಂದ ಇನ್ನೊಂದಕ್ಕೆ ಎರಡು ಸೆಂಟಿಮೀಟರ್ ಬಿಟ್ಟು. ಬರೆಯುತ್ತಲೇ ಕೇಳುತ್ತಾರೆ: "ಮಾತ್ರೆ ಬಿಟ್ಟು ವಾರ ಆಯ್ತಲ್ವಾ? ಸಿಟ್ರಿಜಿನ್, ಅವಿಲ್, ನೆಗಡಿ ಸಿರಪ್ಪು, ಯಾವುದೂ ತಗೊಂಡಿಲ್ಲ ತಾನೆ?"

ಇಲ್ಲ ಎನ್ನುವಷ್ಟರಲ್ಲಿ ಸೀನು ಬರುತ್ತದೆ. ಮುಖ ಬಲಕ್ಕೆ ತಿರುಗಿಸುತ್ತೀರಿ, ಎಡಗೈ ಅಲುಗಾಡಿಸುವಂತಿಲ್ಲ. ನರ್ಸ್ ನಕ್ಕು ಫೈಲಿನಲ್ಲಿ ಟಿಕ್ ಹಾಕುತ್ತಾರೆ.

ಕೆಂಗೇರಿ ಕಡೆಯ ಆಸ್ಪತ್ರೆಯೊಂದರ ಕಿವಿ-ಮೂಗು-ಗಂಟಲು ವಿಭಾಗ ಇದು. ಕಿಟಕಿಯಾಚೆ ಮೈಸೂರು ರಸ್ತೆಯ ಬಸ್ಸುಗಳ ಹಾರ್ನ್. ಕಾರ್ತಿಕ ಮಾಸದ ಚಳಿ ಈಗಷ್ಟೇ ಶುರುವಾಗಿದೆ. ವಿಜಯನಗರದಿಂದ ಬರುವಾಗ ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ, ಮೈಸೂರು ರಸ್ತೆ ನಿಲ್ದಾಣ ದಾಟಿದ ಮೇಲೆ ಕೆಳಗೆ ವೃಷಭಾವತಿಯ ಕಪ್ಪು ನೀರು ಕಂಡಿರಿ. ಮುಚ್ಚಿದ ಬೋಗಿಯೊಳಗೂ ಅದರ ವಾಸನೆ ಬಂತೇ ಎಂದರೆ ಹೇಳಲಾರಿರಿ. ಮೂಗು ಕಟ್ಟಿ ನಾಲ್ಕು ದಿನವಾಯಿತು, ವಾಸನೆ ಹತ್ತುವುದೇ ನಿಂತಿದೆ.

ಮಾತ್ರೆ ಬಿಡುವುದು ಕೆಲವರಿಗೆ ಇನ್ನೊಂದು ಕಾರಣಕ್ಕೂ ಕಷ್ಟ. ತಿಂಗಳುಗಟ್ಟಲೆ, ವರ್ಷಗಟ್ಟಲೆ ದಿನಾ ಸಿಟ್ರಿಜಿನ್ ಅಥವಾ ಲೆವೊಸಿಟ್ರಿಜಿನ್ ನುಂಗಿದವರಲ್ಲಿ ಅಪರೂಪಕ್ಕೆ ಕೆಲವರಿಗೆ, ನಿಲ್ಲಿಸಿದ ಕೆಲವೇ ದಿನಗಳಲ್ಲಿ ಮೈಯೆಲ್ಲ ವಿಪರೀತ ತುರಿಕೆ ಬರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ಮೇ ತಿಂಗಳಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ತುರಿಕೆ ಬಂದವರು ಅಲರ್ಜಿ ಹೆಚ್ಚಾಯಿತೆಂದು ಹೆದರಿ ಮತ್ತೆ ಮಾತ್ರೆಗೆ ಹೋಗುತ್ತಾರೆ. ನಮ್ಮಲ್ಲಿ ಮೆಡಿಕಲ್ ಶಾಪಿನವನೇ ವೈದ್ಯನಾಗಿರುವ ಎಷ್ಟೋ ಮನೆಗಳಿಗೆ ಈ ಸುದ್ದಿ ತಲುಪಬೇಕಿತ್ತು.

ಈಗ ಹನಿಗಳು. ಪುಟ್ಟ ಬಾಟಲಿಯ ಮುಚ್ಚಳದಲ್ಲೇ ಡ್ರಾಪರ್ ಇದೆ. ಮೊದಲ ಅಂಕಿಯ ಪಕ್ಕ ಬರೀ ಸಲೈನ್, ಅಂದರೆ ಉಪ್ಪುನೀರು. ಆಮೇಲೆ ಮನೆಧೂಳಿನ ಮೈಟ್ ಎರಡು ಬಗೆ. ಜಿರಳೆ. ಗರಿಕೆಯ ಪರಾಗ. ಬಳ್ಳಾರಿ ಜಾಲಿ, ನೀಲಗಿರಿ, ಸರ್ವೆ ಮರ. ಆಸ್ಪರ್‌ಜಿಲಸ್ ಎಂಬ ಬೂಷ್ಟು. ಪಾರ್ಥೇನಿಯಂ. ಸಾಲಿನ ಕೊನೆಗೆ ಹಿಸ್ಟಮಿನ್. ಎಲ್ಲವೂ ನೀರಿನಷ್ಟೇ ತಿಳಿಯಾಗಿವೆ, ನೋಡಿದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಪ್ರತಿ ಹನಿಯ ಮೂಲಕ ಒಂದು ಹೊಸ ಲ್ಯಾನ್ಸೆಟ್ಟಿನ ಮೊನೆ ಚರ್ಮದ ಮೇಲ್ಪದರವನ್ನಷ್ಟೇ ಚುಚ್ಚುತ್ತದೆ. ರಕ್ತ ಬರುವುದಿಲ್ಲ, ಬರಬಾರದು. ಮೇಜಿನ ಇನ್ನೊಂದು ತುದಿಯ ಟ್ರೇನಲ್ಲಿ ಅಡ್ರಿನಲಿನ್ ಸಿದ್ಧವಿದೆ. ಮೈಯೆಲ್ಲ ಕೆರಳುವ ತೀವ್ರ ಪ್ರತಿಕ್ರಿಯೆ ಬಲು ಅಪರೂಪ, ಆದರೂ ಅಡ್ರಿನಲಿನ್ ಇಲ್ಲದೆ ಈ ಪರೀಕ್ಷೆ ಶುರುವಾಗಬಾರದು.

"ಹದಿನೈದು ನಿಮಿಷ. ಕೆರೀಬೇಡಿ."

ಗೋಡೆ ಗಡಿಯಾರದ ಮುಳ್ಳು ಹೊರಟಿತು. ಐದನೇ ನಿಮಿಷದೊಳಗೇ ಕೊನೆಯ ಹನಿಯ ಜಾಗದಲ್ಲಿ ನವೆ. ಬಗ್ಗಿ ನೋಡುತ್ತೀರಿ: ಸೊಳ್ಳೆ ಕಚ್ಚಿದ ಹಾಗೆ ಬಿಳಿಚಿಕೊಂಡ ಒಂದು ಉಬ್ಬು, ಸುತ್ತ ಕೆಂಪು ವೃತ್ತ. ಇದು ಹಿಸ್ಟಮಿನ್ ಮಾಡಿದ್ದು. ಅಲರ್ಜಿ ಇರಲಿ ಬಿಡಲಿ, ಯಾರ ಚರ್ಮಕ್ಕೆ ಹಾಕಿದರೂ ಈ ಉಬ್ಬು ಏಳಬೇಕು. ಉಳಿದ ಹನಿಗಳ ಕತೆ ಬೇರೆ. ಅಲರ್ಜಿ ಇರುವವರ ಚರ್ಮದಲ್ಲೂ ಮೂಗಿನ ಒಳಪೊರೆಯಲ್ಲೂ ಮಾಸ್ಟ್ ಕೋಶಗಳಿವೆ, ಅವುಗಳ ಮೈಮೇಲೆ ಐಜಿಇ ಎಂಬ ಪ್ರತಿಕಾಯ ಕೂತಿರುತ್ತದೆ. ತನಗೆ ಪರಿಚಯವಿರುವ ಪರಾಗವೋ ಮೈಟೋ ಬಂದು ತಾಗಿತೆಂದರೆ ಕೋಶ ಕೆರಳಿ, ತುಂಬಿಟ್ಟುಕೊಂಡಿದ್ದ ಹಿಸ್ಟಮಿನ್ ಅನ್ನು ಹೊರಗೆ ಸುರಿಯುತ್ತದೆ. ಚರ್ಮದಲ್ಲಿ ಅದು ಉಬ್ಬು, ಮೂಗಿನಲ್ಲಿ ಸೀನು ಮತ್ತು ಸೋರಿಕೆ.

ನಿನ್ನೆ ರಾತ್ರಿ ನೀವು ಒಂದೇ ಒಂದು ಸಿಟ್ರಿಜಿನ್ ನುಂಗಿದ್ದಿದ್ದರೆ ಈ ಉಬ್ಬು ಹೀಗೆ ಏಳುತ್ತಿರಲಿಲ್ಲ. ಪಾರ್ಥೇನಿಯಂ ಹನಿಯೂ ಸುಮ್ಮನೆ ಒಣಗಿಹೋಗುತ್ತಿತ್ತು, ವೈದ್ಯರು ನಿಮಗೆ ಅಲರ್ಜಿಯೇ ಇಲ್ಲ ಎನ್ನಬೇಕಾಗುತ್ತಿತ್ತು. ರೋಗ ಹುಡುಕುವವರಿಗೆ ಮಾತ್ರೆ ಅಡ್ಡಿ. ಆದರೆ ಮಾತ್ರೆಯನ್ನೇ ಪರೀಕ್ಷೆ ಮಾಡುವವರಿಗೆ ಬೇಕಾದದ್ದು ಇದರ ಉಲ್ಟಾ. ಅವರು ಮೊದಲು ಮಾತ್ರೆ ಕೊಡುತ್ತಾರೆ, ಆಮೇಲೆ ಒಂದು ಗಂಟೆ ಬಿಟ್ಟು, ನಾಲ್ಕು ಗಂಟೆ ಬಿಟ್ಟು, ಮರುದಿನ ಅದೇ ಹೊತ್ತಿಗೆ ಮತ್ತೊಮ್ಮೆ ಇದೇ ಹಿಸ್ಟಮಿನ್ ಹನಿ ಹಾಕಿ ಚುಚ್ಚುತ್ತಾರೆ. ಉಬ್ಬಿನ ಅಂಚನ್ನು ಪೆನ್ನಿನಲ್ಲಿ ಗುರುತಿಸಿ, ಪಾರದರ್ಶಕ ಟೇಪಿನಿಂದ ಆ ಗುರುತನ್ನು ಎತ್ತಿ ಕಾಗದಕ್ಕೆ ಅಂಟಿಸಿ ವಿಸ್ತಾರ ಅಳೆಯುತ್ತಾರೆ. ಉಬ್ಬು ಎಷ್ಟು ಬೇಗ ಕುಗ್ಗಿತು, ಎಷ್ಟು ಹೊತ್ತು ಏಳದೆ ಉಳಿಯಿತು ಎಂಬುದೇ ಮಾತ್ರೆಯ ಶಕ್ತಿ. ಸಿಟ್ರಿಜಿನ್ ಕುಟುಂಬ ಈ ಪರೀಕ್ಷೆಯಲ್ಲಿ ಗಟ್ಟಿ: ಸುಮಾರು ಒಂದು ಗಂಟೆಯಲ್ಲಿ ಕೆಲಸ ಶುರು, ದಿನವಿಡೀ ಹಿಡಿತ. ಅದೇ ಕೆಲಸದ ಇನ್ನೊಂದು ಮಾತ್ರೆ ಲೊರಾಟಡಿನ್ ಇಲ್ಲಿ ಹಿಂದೆ ಬೀಳುತ್ತದೆ.

ಏಳನೇ ನಿಮಿಷ. ಮೈಟ್ ಹನಿಯ ಸುತ್ತ ಕೆಂಪು ಕಾಣುತ್ತಿದೆ.

ಹೀಗೆ ಒಂದು ಹನಿಯಿಂದ ಔಷಧಿ ತೂಗುವ ದಾರಿ ಗಿನಿಪಿಗ್ಗುಗಳಿಂದ ಶುರುವಾದದ್ದು. ಹಿಸ್ಟಮಿನ್ ಮೈಯಲ್ಲಿ ಏನೇನು ಮಾಡುತ್ತದೆಂದು ಲಂಡನ್ನಿನಲ್ಲಿ ಹೆನ್ರಿ ಡೇಲ್ ಮತ್ತು ಲೇಡ್ಲಾ 1910ರಲ್ಲಿ ವಿವರಿಸಿದರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್ ಮರಿ ಸ್ಟಾಬ್ 1937ರಲ್ಲಿ ಒಂದು ರಾಸಾಯನಿಕ ಕೊಟ್ಟು, ಸಾಯುವಷ್ಟು ಹಿಸ್ಟಮಿನ್‌ನಿಂದ ಗಿನಿಪಿಗ್ಗುಗಳನ್ನು ಉಳಿಸಿದರು. ಅದು ಮನುಷ್ಯರಿಗೆ ಕೊಡಲಾಗದಷ್ಟು ವಿಷವಾಗಿತ್ತು, ಆದರೆ ದಾರಿ ತೆರೆದುಕೊಂಡಿತು. ಬೋವೆಗೆ 1957ರಲ್ಲಿ ನೊಬೆಲ್ ಬಂತು. ಆಮೇಲೆ ಬಂದವು ನಮ್ಮ ಮನೆಗಳ ಡಬ್ಬಿಯಲ್ಲಿ ಇವತ್ತಿಗೂ ಇರುವ ಅವಿಲ್‌ನಂಥ ಮಾತ್ರೆಗಳು. ಸೀನು ನಿಲ್ಲುತ್ತದೆ, ಕಣ್ಣೂ ಮುಚ್ಚುತ್ತದೆ. ಎಚ್ಚರವಾಗಿರಲು ಮಿದುಳಿಗೂ ಹಿಸ್ಟಮಿನ್ ಬೇಕು, ಹಳೆಯ ಮಾತ್ರೆಗಳು ಮಿದುಳಿನೊಳಗೂ ನುಗ್ಗಿ ಅದನ್ನು ತಡೆಯುತ್ತವೆ. ಅವಿಲ್ ನುಂಗಿ ಸ್ಕೂಟರ್ ಹತ್ತಿ ಕಾರ್ಡ್ ರಸ್ತೆಯಲ್ಲಿ ರಾಜಾಜಿನಗರಕ್ಕೆ ಹೊರಟವರು ಅಪಾಯವನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಿದ್ದಾರೆ. ನಿದ್ದೆ ಬಂದರೆ ಮಾತ್ರೆ ಒಳ್ಳೇ ಸ್ಟ್ರಾಂಗು ಎಂದುಕೊಳ್ಳುವವರನ್ನು ಈಗಲೂ ನೋಡುತ್ತೇನೆ. ನಿದ್ದೆ ಅಡ್ಡಪರಿಣಾಮ, ಗುಣವಲ್ಲ.

ನಿದ್ದೆ ತರದ ಮೊದಲ ಮಾತ್ರೆಗಳಲ್ಲಿ ಒಂದಾದ ಟೆರ್ಫೆನಡಿನ್ 1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದು ಭಾರೀ ಹೆಸರು ಮಾಡಿತು. ಕೆಲವು ವರ್ಷಗಳ ಮೇಲೆ ಗೊತ್ತಾಯಿತು, ಎರಿತ್ರೊಮೈಸಿನ್ ಅಥವಾ ಕಿಟೊಕೊನಜೋಲ್ ಎಂಬ ಔಷಧಿಯ ಜೊತೆ ಅದನ್ನು ತಗೊಂಡ ಕೆಲವರಿಗೆ ಹೃದಯದ ಬಡಿತ ಅಪಾಯಕಾರಿಯಾಗಿ ತಪ್ಪುತ್ತಿತ್ತು. 1998ರ ಹೊತ್ತಿಗೆ ಅಲ್ಲಿ ಅದು ಅಂಗಡಿಗಳಿಂದ ಹೋಯಿತು. ಅದರ ಜಾಗಕ್ಕೆ ಬಂದ ಫೆಕ್ಸೊಫೆನಡಿನ್, ಟೆರ್ಫೆನಡಿನ್ ನಮ್ಮ ದೇಹದಲ್ಲಿ ಬದಲಾಗಿ ಆಗುವ ವಸ್ತುವೇ, ಹೃದಯಕ್ಕೆ ಆ ತೊಂದರೆ ಕೊಡದ್ದು. ನೆಗಡಿಯಂಥ ಸಣ್ಣ ಕಾಯಿಲೆಯ ಮಾತ್ರೆಗೆ ಇಷ್ಟೆಲ್ಲ ಪರೀಕ್ಷೆ ಬೇಕೇ ಎಂದು ಕೇಳುವವರಿಗೆ ಇದೇ ಉತ್ತರ. ಸಣ್ಣ ಕಾಯಿಲೆ ಎಂದೇ ಕೋಟ್ಯಂತರ ಜನ ನುಂಗುತ್ತಾರೆ, ಹಾಗಾಗಿಯೇ ಬಿಗಿ ಪರೀಕ್ಷೆ ಬೇಕು.

"ಆಯ್ತು, ಕೈ ಕೊಡಿ."

ವೈದ್ಯೆ ಬಂದು ಪಾರದರ್ಶಕ ಸ್ಕೇಲ್ ಇಟ್ಟು ಓದುತ್ತಾರೆ, ನರ್ಸ್ ಬರೆದುಕೊಳ್ಳುತ್ತಾರೆ. ಸಲೈನ್, ಏನಿಲ್ಲ. ಹಿಸ್ಟಮಿನ್, ಆರು ಮಿಲಿಮೀಟರ್. ಮೈಟ್ ಐದು. ಗರಿಕೆ, ಜಾಲಿ, ನೀಲಗಿರಿ ಏನಿಲ್ಲ. ಪಾರ್ಥೇನಿಯಂ ಒಂಬತ್ತು, ಅಂಚು ಹರಡಿ ನಕ್ಷೆಯಲ್ಲಿನ ಕರಾವಳಿಯಂತೆ ವಕ್ರವಾಗಿದೆ. ಸಲೈನಿಗಿಂತ ಮೂರು ಮಿಲಿಮೀಟರ್ ಅಥವಾ ಹೆಚ್ಚು ಎದ್ದರೆ ಪಾಸಿಟಿವ್. "ಕೈ ಮೇಲೆ ಎದ್ದಿತು ಅಂದ ಮಾತ್ರಕ್ಕೆ ಕಾಯಿಲೆ ಅದರದ್ದೇ ಅಂತಲ್ಲ," ಎನ್ನುತ್ತಾರೆ ಅವರು. "ಎಲ್ಲಿ ಹೋದಾಗ ಜಾಸ್ತಿ ಆಗುತ್ತೆ ನಿಮಗೆ?"

ನಿಮಗೆ ತಟ್ಟನೆ ನೆನಪಾಗುವುದು ಕೆಂಗೇರಿ ಉಪನಗರದ ಖಾಲಿ ಸೈಟುಗಳು. ಮಳೆ ನಿಂತ ಮೇಲೆ ಸೊಂಟದೆತ್ತರ ಬೆಳೆದು ಬಿಳಿ ಹೂ ಚೆಲ್ಲಿಕೊಂಡಿರುವ ಕಾಂಗ್ರೆಸ್ ಗಿಡ, ಅಂದರೆ ಇದೇ ಪಾರ್ಥೇನಿಯಂ, ಕಟ್ಟದ ಸೈಟು, ರೈಲು ಹಳಿಯ ಅಂಚು, ಮೋರಿಯ ದಂಡೆ ಎಲ್ಲೆಲ್ಲೂ. ಪುಣೆಯಲ್ಲಿ 1950ರ ದಶಕದ ಮಧ್ಯದಲ್ಲಿ ಕಣ್ಣಿಗೆ ಬಿದ್ದ ಈ ಕಳೆ ಅಮೆರಿಕದ ಗೋಧಿಯ ಜೊತೆ ಬಂತೆಂದು ಹೇಳುತ್ತಾರೆ. ಮೈಗೆ ತಾಗಿದರೆ ತುರಿಕೆ ಎಂಬುದಷ್ಟೇ ಮೊದಲು ಎಲ್ಲರಿಗೂ ಗೊತ್ತಿದ್ದದ್ದು. ಮೂಗಿನ ಲೆಕ್ಕ ತೆಗೆದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರಜ್ಞ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು. ಎರಡೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿ 1991ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ನೂರಕ್ಕೆ ಏಳು ಮಂದಿಗೆ ಪಾರ್ಥೇನಿಯಂ ಪರಾಗದಿಂದ ಮೂಗಿನ ಅಲರ್ಜಿ ಇತ್ತು. ಅವರೂ ಇದೇ ಮುಂಗೈ ಪರೀಕ್ಷೆಯನ್ನೇ ನೆಚ್ಚಿಕೊಂಡಿದ್ದರು.

ಗಿಡವನ್ನು ತಿನ್ನುವ ಮೆಕ್ಸಿಕೊ ಮೂಲದ ಜೀರುಂಡೆಯನ್ನು ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 1984ರಲ್ಲಿ ಬೆಂಗಳೂರಿನಲ್ಲೇ ಬಿಟ್ಟರು. ಮಳೆಗಾಲದಲ್ಲಿ ಎಲೆ ಜರಡಿಯಾದ ಪಾರ್ಥೇನಿಯಂ ಕಂಡರೆ ಅದು ಆ ಜೀರುಂಡೆಯ ಕೆಲಸ. ಆದರೂ ಗಿಡ ಗೆದ್ದಿದೆ.

ಇನ್ನು ಗಾಳಿಯಲ್ಲಿ ಯಾವ ತಿಂಗಳು ಯಾವ ಪರಾಗ ಎಂಬ ಲೆಕ್ಕ. ಈ ಆಸ್ಪತ್ರೆಯಿಂದ ಮೆಟ್ರೊದಲ್ಲಿ ಕೆಲವೇ ನಿಲ್ದಾಣ ಹಿಂದಕ್ಕೆ ಹೋದರೆ ಸಿಗುವ ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಎಸ್. ಎನ್. ಅಗಾಶೆ ಮತ್ತು ಅವರ ವಿದ್ಯಾರ್ಥಿಗಳು 1980ರ ದಶಕದಲ್ಲಿ ಬೆಂಗಳೂರಿನ ಪರಾಗ ಪಂಚಾಂಗ ಸಿದ್ಧಪಡಿಸಿದರು. ಗಾಳಿಗೆ ಒಡ್ಡಿದ ಜಿಗುಟು ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದೊಂದೇ ಪರಾಗವನ್ನು ಗುರುತಿಸಿ ಎಣಿಸುವ ಕೆಲಸ ಅದು, ಕಣ್ಣು ಸೋಲುವ ಕೆಲಸ. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲಾಕ್ಲೇ ಎಂಬ ವೈದ್ಯ 1873ರ ತನ್ನ ಪುಸ್ತಕದಲ್ಲಿ ಹುಲ್ಲಿನ ಪರಾಗವನ್ನು ತನ್ನದೇ ಚರ್ಮದ ಗೀರಿನ ಮೇಲಿಟ್ಟು ನೋಡಿದ್ದನ್ನೂ, ಜಿಗುಟು ಗಾಜನ್ನು ಗಾಳಿಪಟಕ್ಕೆ ಕಟ್ಟಿ ಮೇಲೆ ಕಳಿಸಿ ಪರಾಗ ಹಿಡಿದದ್ದನ್ನೂ ಬರೆದಿದ್ದಾನೆ. ಚರ್ಮದ ಪರೀಕ್ಷೆ, ಗಾಳಿಯ ಎಣಿಕೆ ಎರಡೂ ಅಂದಿನಿಂದ ಜೊತೆಯಾಗಿಯೇ ಬಂದಿವೆ. ಅಗಾಶೆಯವರು ಮಾಡಿದಂಥ ಪಂಚಾಂಗವನ್ನು ಹೊಸದಾಗಿ ಎಣಿಸಿ, ಪ್ರತಿ ಕಿವಿ-ಮೂಗು-ಗಂಟಲು ವಿಭಾಗದ ಗೋಡೆಗೂ ತೂಗುಹಾಕಬೇಕೆಂಬುದು ನನ್ನ ಬೇಡಿಕೆ. ಊರು ಬದಲಾಗಿದೆ, ಗಾಳಿಯೂ ಬದಲಾಗಿದೆ. ಮಕ್ಕಳ ಶ್ವಾಸಕೋಶ ತಜ್ಞ ಎಚ್. ಪರಮೇಶ್ ಬೆಂಗಳೂರಿನ ಇಪ್ಪತ್ತು ಸಾವಿರ ಮಕ್ಕಳನ್ನು ಗಮನಿಸಿ ಬರೆದಂತೆ 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿದ್ದ ಆಸ್ತಮಾ 1999ಕ್ಕೆ 29.5ಕ್ಕೆ ಏರಿತ್ತು. ಮೂಗು ಮತ್ತು ಶ್ವಾಸಕೋಶ ಒಂದೇ ಕೊಳವೆಯ ಎರಡು ತುದಿ. ಮೂಗನ್ನು ಕಡೆಗಣಿಸಿದರೆ ಎದೆ ದಂಡ ಕಟ್ಟುತ್ತದೆ.

ಕೈ ಒರೆಸಿಕೊಂಡು ಏಳುವ ಹೊತ್ತಿಗೆ ವೈದ್ಯೆ ಒಂದು ಕಾಗದದ ಕಟ್ಟು ಮುಂದಿಡುತ್ತಾರೆ. ಇಲ್ಲೊಂದು ಟ್ರಯಲ್ ನಡೆಯುತ್ತಿದೆ, ಲೆವೊಸಿಟ್ರಿಜಿನ್ ಮತ್ತು ಬಿಲಾಸ್ಟಿನ್ ಎರಡನ್ನೂ ಹೋಲಿಸುವುದು. ಇಷ್ಟವಿದ್ದರೆ ಸೇರಬಹುದು. ಒಪ್ಪಿಗೆ ಪತ್ರ ಕನ್ನಡದಲ್ಲಿದೆ. ಅವಸರ ಬೇಡ, ಮನೆಗೆ ಒಯ್ದು ಓದಿ ಎನ್ನುತ್ತಾರೆ. ನೀವು ಅಲ್ಲೇ ಬೆಂಚಿನ ಮೇಲೆ ಕೂತು ಓದುತ್ತೀರಿ. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆ ಚಿಕಿತ್ಸೆ ನಿಲ್ಲುವುದಿಲ್ಲ. ಮಾತ್ರೆಯಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ. ನೈತಿಕ ಸಮಿತಿಯ ಫೋನ್ ನಂಬರ್. 2019ರ ನಿಯಮಗಳಂತೆ ಆ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅವರಲ್ಲಿ ಒಬ್ಬರು ಕಾನೂನು ಬಲ್ಲವರು, ಒಬ್ಬರು ಸಾಮಾನ್ಯ ನಾಗರಿಕರು, ಮಹಿಳೆಯೂ ಇರಬೇಕು. ಟ್ರಯಲ್ ಶುರುವಾಗುವ ಮೊದಲೇ ದೇಶದ ನೋಂದಣಿ ಪಟ್ಟಿಗೆ ಸೇರಿರಬೇಕು, ಇದು 2009ರ ಜೂನ್‌ನಿಂದ ಕಡ್ಡಾಯ. ಫಲಿತಾಂಶ ಹಿಡಿಸಲಿಲ್ಲವೆಂದು ಟ್ರಯಲ್ ನಡೆದೇ ಇಲ್ಲ ಎನ್ನುವಂತೆ ಬಚ್ಚಿಡಬಾರದೆಂದು.

ಒಂದು ಸಾಲು ನಿಮ್ಮನ್ನು ತಡೆಯುತ್ತದೆ: ಮೊದಲ ಕೆಲವು ದಿನ ನಿಮಗೆ ಔಷಧಿಯಿಲ್ಲದ ಮಾತ್ರೆ ಇರಬಹುದು. ಯಾಕೆ ಹೀಗೆ ಎಂದರೆ ವೈದ್ಯೆ ನೇರವಾಗಿ ಹೇಳುತ್ತಾರೆ. "ಮಾತ್ರೆ ತಗೊಂಡೆ ಅನ್ನೋ ಧೈರ್ಯಕ್ಕೇ ಎಷ್ಟೋ ಜನರ ಮೂಗು ಸರಿಹೋಗುತ್ತೆ. ಅದನ್ನ ಕಳೆದು ಲೆಕ್ಕ ಹಾಕಬೇಕು." ಮೂಗಿನ ಅಲರ್ಜಿಯ ಪರೀಕ್ಷೆಗಳಲ್ಲಿ ಖಾಲಿ ಮಾತ್ರೆಯಿಂದ ಸಿಗುವ ನೆಮ್ಮದಿ ಚಿಕ್ಕದಲ್ಲ. ಬೇಸಿಗೆ ಬಂತು, ಪರಾಗ ಕಡಿಮೆಯಾಯಿತು, ಆಗಲೂ ಹೆಸರು ಮಾತ್ರೆಗೇ ಬರುತ್ತದೆ. ನಮ್ಮ ಅನುಭವದ ಮಾತು ಇಲ್ಲೇ ದಾರಿ ತಪ್ಪುವುದು.

ಸಹಿ ಹಾಕುತ್ತೀರಿ. ಒಂದು ಪ್ರತಿ ನಿಮ್ಮ ಕೈಗೆ. ಜೊತೆಗೆ ಕೋಡ್ ಬರೆದ ಬಿಳಿ ಡಬ್ಬಿ. ಯಾವ ಮಾತ್ರೆ ಎಂದು ನಿಮಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಊಟಕ್ಕೆ ಒಂದು ಗಂಟೆ ಮೊದಲು, ಇಲ್ಲವೇ ಎರಡು ಗಂಟೆ ಬಿಟ್ಟು. ಮೋಸಂಬಿ ಜ್ಯೂಸ್ ಜೊತೆ ಬೇಡವೇ ಬೇಡ, ಹಣ್ಣಿನ ರಸ ಬಿಲಾಸ್ಟಿನ್ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಮತ್ತೊಂದು ಡೈರಿ.

ಮರುದಿನ ಬೆಳಿಗ್ಗೆ ಆರು ಗಂಟೆ, ವಿಜಯನಗರ. ಕಸಬರಿಕೆಯ ಸದ್ದಿಗೇ ಮೂಗು ಎಚ್ಚರವಾಗುತ್ತದೆ. ಸೀನು, ಮತ್ತೆ ಸೀನು, ಉಸಿರು ತಿರುಗಿಸಿಕೊಳ್ಳಲೂ ಬಿಡದ ಇನ್ನೊಂದು. ಕಣ್ಣಲ್ಲಿ ನೀರು ತುಂಬಿಕೊಂಡೇ ಡೈರಿ ತೆರೆಯುತ್ತೀರಿ. ನಾಲ್ಕು ಸಾಲು: ಸೀನು, ಮೂಗು ಸೋರುವುದು, ಮೂಗು ಕಟ್ಟುವುದು, ಮೂಗಿನ ನವೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು. ಇಲ್ಲವೇ ಇಲ್ಲ, ಸೊನ್ನೆ. ಇದೆ, ಆದರೆ ಕಾಟವಿಲ್ಲ, ಒಂದು. ಕಾಟವಿದೆ, ಸಹಿಸಬಹುದು, ಎರಡು. ಕೆಲಸಕ್ಕೂ ನಿದ್ದೆಗೂ ಬಿಡುವುದಿಲ್ಲ, ಮೂರು. ಒಟ್ಟು ಹನ್ನೆರಡಕ್ಕೆ ಎಷ್ಟು ಎಂಬುದೇ ಇಡೀ ಜಗತ್ತಿನ ಟ್ರಯಲ್‌ಗಳು ನೆಚ್ಚಿಕೊಂಡ ಅಂಕ. ಕಳೆದ ಹನ್ನೆರಡು ಗಂಟೆಗೆ ಒಮ್ಮೆ, ಈ ಕ್ಷಣಕ್ಕೆ ಒಮ್ಮೆ, ಹೀಗೆ ಎರಡು ಸಲ ಕೊಡಬೇಕು. ರಾತ್ರಿ ನಿದ್ದೆ ಕೆಟ್ಟದ್ದು ಮೂಗಿನಿಂದಲೋ ಪಕ್ಕದ ಬೀದಿಯ ಪಟಾಕಿಯಿಂದಲೋ? ಎರಡು ಹಾಕಬೇಕೋ ಮೂರೋ? ಪೆನ್ನು ನಿಲ್ಲುತ್ತದೆ. ಮುಂಗೈ ಉಬ್ಬನ್ನು ಸ್ಕೇಲ್ ಅಳೆಯಿತು, ಇಲ್ಲಿ ಸ್ಕೇಲ್ ನೀವೇ.

ಚರ್ಮದ ಮೇಲೆ ಗೆದ್ದ ಮಾತ್ರೆ ಮೂಗಿನಲ್ಲಿ ಅಷ್ಟೇ ಅಂತರದಿಂದ ಗೆಲ್ಲುವುದಿಲ್ಲ, ಅದಕ್ಕೇ ಈ ಡೈರಿ ಬೇಕಾಗಿರುವುದು. ನಾಗಪುರದ ಸರ್ಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ಎಪ್ಪತ್ತು ರೋಗಿಗಳ ಮೇಲೆ ನಾಲ್ಕು ವಾರ ನಡೆಸಿ 2016ರಲ್ಲಿ ಪ್ರಕಟಿಸಿದ ಟ್ರಯಲ್ ನೋಡಿ. ಎರಡು ಗುಂಪಿಗೂ ಮಾಂಟೆಲುಕಾಸ್ಟ್ ಎಂಬ ಔಷಧಿ ಇತ್ತು, ಒಂದಕ್ಕೆ ಜೊತೆಗೆ ಲೆವೊಸಿಟ್ರಿಜಿನ್, ಇನ್ನೊಂದಕ್ಕೆ ಫೆಕ್ಸೊಫೆನಡಿನ್. ಮೂಗಿನ ಅಂಕ ಹೆಚ್ಚು ಇಳಿದದ್ದು ಫೆಕ್ಸೊಫೆನಡಿನ್ ಗುಂಪಿನಲ್ಲಿ, ಕೊಟ್ಟ ದುಡ್ಡಿಗೆ ಸಿಕ್ಕ ಲಾಭ ಹೆಚ್ಚು ಲೆವೊಸಿಟ್ರಿಜಿನ್‌ನಲ್ಲಿ. ಇಂಥ ಸಣ್ಣ, ಸರ್ಕಾರಿ ಆಸ್ಪತ್ರೆಯ, ಬೆಲೆಯನ್ನೂ ಲೆಕ್ಕಕ್ಕೆ ತಗೊಂಡ ಪರೀಕ್ಷೆಗಳು ನಮಗೆ ಹೆಚ್ಚು ಬೇಕು. ತಿಂಗಳ ಸಂಬಳದಲ್ಲಿ ಮಾತ್ರೆ ಕೊಳ್ಳುವವರಿಗೆ ಬೆಲೆಯೂ ಔಷಧಿಯ ಗುಣವೇ. ಅಂದಹಾಗೆ ಮಾಂಟೆಲುಕಾಸ್ಟ್ ಸೇರಿದ ಮಾತ್ರೆಯನ್ನು ಮೂಗಿಗೆಂದು ಸುಮ್ಮಸುಮ್ಮನೆ ನುಂಗಬೇಡಿ. ಮನಸ್ಸಿನ ಮೇಲಾಗುವ ಗಂಭೀರ ಪರಿಣಾಮಗಳ ಬಗ್ಗೆ 2020ರ ಮಾರ್ಚ್‌ನಲ್ಲಿ ಅಮೆರಿಕದ ನಿಯಂತ್ರಕರು ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು, ಬೇರೆ ಔಷಧಿ ಹಿಡಿಯದಿದ್ದರೆ ಮಾತ್ರ ಕೊಡಿ ಎಂದರು.

ದಿನಗಳು ಡೈರಿಯಲ್ಲಿ ತುಂಬುತ್ತವೆ. ಕೊನೆಯ ಭೇಟಿಯಲ್ಲಿ ವೈದ್ಯೆ ಪುಟ ತಿರುಗಿಸುತ್ತಾ ಬೆರಳಿನಿಂದ ಒಂದು ಸಾಲು ತೋರಿಸುತ್ತಾರೆ. ಸೀನು ಮೂರರಿಂದ ಒಂದಕ್ಕೆ ಬಂದಿದೆ. ಸೋರುವುದು, ನವೆ ಅದರ ಹಿಂದೆಯೇ ಇಳಿದಿವೆ. ಮೂಗು ಕಟ್ಟುವುದು ಮಾತ್ರ ಮೊದಲ ದಿನ ಎರಡು, ಕೊನೆಯ ದಿನವೂ ಎರಡು. "ಯಾವ ಡಬ್ಬಿ ನಿಮ್ಮದು ಅಂತ ನನಗೂ ಗೊತ್ತಿಲ್ಲ. ಎಲ್ಲರ ಡೈರಿ ಸೇರಿದ ಮೇಲೇ ಕೋಡ್ ಒಡೆಯೋದು. ಆದ್ರೆ ಯಾವುದೇ ಇದ್ರೂ ಈ ಸಾಲು ಹೀಗೇ ಇರ್ತಿತ್ತೇನೋ." ಸೀನು ಹಿಸ್ಟಮಿನ್‌ನ ಕೆಲಸ, ನಿಮಿಷಗಳಲ್ಲಿ ಆಗುವುದು. ಮೂಗು ಕಟ್ಟುವುದು ಮುಖ್ಯವಾಗಿ ಗಂಟೆಗಳ ನಂತರ ಬಂದು ಸೇರುವ ಬೇರೆ ಕೋಶಗಳ ಊತ. ಹಿಸ್ಟಮಿನ್ ಒಂದನ್ನೇ ತಡೆದರೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಬಹಳ ವರ್ಷ ಬರೀ ಮಾತ್ರೆ ನುಂಗಿ ಬಾಯಲ್ಲಿ ಉಸಿರಾಡಿಕೊಂಡೇ ಮಲಗುವವರು ಈ ಪಶ್ಚಿಮ ಬೆಂಗಳೂರಿನ ಮನೆಮನೆಯಲ್ಲೂ ಇದ್ದಾರೆ. ಮಾತ್ರೆ ಕೆಟ್ಟದ್ದಲ್ಲ, ಅದರ ಕೈಲಾಗದ ಕೆಲಸವನ್ನು ಅದಕ್ಕೆ ಹೊರಿಸಿದ್ದೇವೆ. ಕೋಡ್ ಒಡೆದ ಮೇಲೆ ಬರುವ ಉತ್ತರವನ್ನೂ ಡೈರಿ ತುಂಬಿದ ಪ್ರತಿಯೊಬ್ಬರಿಗೂ ಕನ್ನಡದಲ್ಲೇ ತಿಳಿಸಬೇಕು. ಅದು ಅವರ ಮೂಗಿನಿಂದ ಬಂದ ಉತ್ತರ.

ವೈದ್ಯೆ ಸ್ಟೀರಾಯ್ಡ್ ಸ್ಪ್ರೇ ಬರೆಯುತ್ತಾರೆ. ಸ್ಟೀರಾಯ್ಡ್ ಎಂದೊಡನೆ ನಿಮ್ಮ ಮುಖ ನೋಡಿ, ಪ್ರಮಾಣ ಬಲು ಕಡಿಮೆ, ಮೂಗಿನಲ್ಲೇ ಕೆಲಸ ಮಾಡುವಂಥದ್ದು ಎಂದು ಬಿಡಿಸಿ ಹೇಳುತ್ತಾರೆ. ಆಮೇಲೆ ಹಾಕಿಕೊಳ್ಳುವ ಪಾಠ. ಬಾಟಲಿ ಅಲುಗಾಡಿಸಿ. ತಲೆ ಹಿಂದಕ್ಕಲ್ಲ, ಸ್ವಲ್ಪ ಮುಂದಕ್ಕೆ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಮೊನೆ ನಡುಗೋಡೆಯ ಕಡೆಗಲ್ಲ, ಕಿವಿಯ ಕಡೆಗೆ. ಜೋರಾಗಿ ಎಳೆದುಕೊಂಡರೆ ಔಷಧಿ ಗಂಟಲಿಗೆ ಹೋಗುತ್ತದೆ. ಒಂದೆರಡು ದಿನದಲ್ಲಿ ಗುಣ ಕಾಣಲಿಲ್ಲವೆಂದು ಬಿಡಬೇಡಿ, ಎರಡು ವಾರ ದಿನಾ ಹಾಕಿ. ರಕ್ತ ಕಂಡರೆ ನಿಲ್ಲಿಸಿ ಫೋನ್ ಮಾಡಿ. ಸೀನು ಹೆಚ್ಚಾದ ದಿನ ಮಾತ್ರೆ ಇದ್ದೇ ಇದೆ. ಹೊರಡುವ ಮುನ್ನ ನರ್ಸ್ ಹೊಸ ಹಾಳೆ ಕೊಡುತ್ತಾರೆ, ಅದೇ ನಾಲ್ಕು ಸಾಲು, ಅದೇ ಸೊನ್ನೆಯಿಂದ ಮೂರು. ಈ ಸಲ ಕೋಡ್ ಇಲ್ಲ, ಸ್ಪ್ರೇಯ ಹೆಸರನ್ನು ಮೇಲೆಯೇ ಬರೆದಿದ್ದಾರೆ.